ಫೌಂಡ್ರಿ ಗೇಟಿನ ಕಂಬದಲ್ಲಿ ಏಳನೆಯ ಹೆಸರು

2017ರಲ್ಲಿ ನಾನು ಪವಾಯಿಯ ಒಂದು ಸ್ಟ್ರಕ್ಚರಲ್ ಕನ್ಸಲ್ಟೆನ್ಸಿಯಲ್ಲಿ ಹಿರಿಯ ಎಂಜಿನಿಯರ್ ಆಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಹಳೆಯ ಕಾಂಕ್ರೀಟ್ ಕಟ್ಟಡಗಳನ್ನು ಪರೀಕ್ಷಿಸಿ, ದುರಸ್ತಿ ಮಾಡಬಹುದೇ, ಕೆಡವಬೇಕೇ ಎಂದು ವರದಿ ಕೊಡುವುದು ನಮ್ಮ ಕಚೇರಿಯ ಮುಖ್ಯ ಕೆಲಸ. ಮುಂಬಯಿಯಲ್ಲಿ ಈ ಕೆಲಸಕ್ಕೆ ಬರವಿಲ್ಲ. ಸೊಸೈಟಿಗಳ ಸೋರುವ ಟೆರೇಸು, ಬಿರುಕು ಬಿಟ್ಟ ಕಾಲಮ್ಮು, ಕಬ್ಬಿಣ ಹೊರಗೆ ಇಣುಕುವ ಬಾಲ್ಕನಿ ಇವುಗಳ ನಡುವೆಯೇ ನನ್ನ ಮೂವತ್ತು ವರ್ಷಗಳು ಕಳೆದಿದ್ದವು. ಆ ವರ್ಷ ಬಂದ ಒಂದು ಕೆಲಸ ಮಾತ್ರ ಕಟ್ಟಡದ್ದಲ್ಲ. ಒಂದು ಕಂಬದ್ದು.

ಘಾಟ್ಕೋಪರ್‌ನ ಒಳಭಾಗದಲ್ಲಿ ಬಹಳ ವರ್ಷಗಳ ಹಿಂದೆಯೇ ಮುಚ್ಚಿಹೋಗಿದ್ದ ಒಂದು ಫೌಂಡ್ರಿ ಇತ್ತು. ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ದು ಪಂಪಿನ ಮೈ, ಯಂತ್ರದ ಚಕ್ರ, ಪೈಪಿನ ಬಾಯಿ ಇತ್ಯಾದಿ ಎರಕಹೊಯ್ಯುವ ಕಾರ್ಖಾನೆ. ಜಾಗವನ್ನು ಒಬ್ಬ ಬಿಲ್ಡರ್ ಕೊಂಡಿದ್ದ. ಕಾರ್ಮಿಕರ ಚಾಳನ್ನು ಕೆಡವಿ, ಅದೇ ಜಾಗದ ಒಂದು ಮೂಲೆಯಲ್ಲಿ ಅವರಿಗಾಗಿ ಬಿಲ್ಡಿಂಗ್ ಕಟ್ಟಿಕೊಟ್ಟಾಗಿತ್ತು. ಉಳಿದ ನೆಲದಲ್ಲಿ ಮೂರು ಟವರ್‌ಗಳು ಏಳುವುದಿತ್ತು. ಹಳೆಯ ಗೇಟಿನ ಪಕ್ಕದಲ್ಲಿ ಕಾರ್ಮಿಕರೇ ನಿಲ್ಲಿಸಿದ್ದ ಒಂದು ಸ್ಮಾರಕ ಕಂಬ. ಎಪ್ಪತ್ತರ ದಶಕದ ಕೊನೆಯಲ್ಲಿ ಫೌಂಡ್ರಿಯೊಳಗೆ ನಡೆದ ಅಪಘಾತವೊಂದರಲ್ಲಿ ಸತ್ತವರ ಹೆಸರು ಅದರ ಮೇಲಿತ್ತು. ಹೊಸ ರಸ್ತೆ ಸರಿಯಾಗಿ ಆ ಕಂಬದ ಮೇಲೆಯೇ ಹಾದುಹೋಗುತ್ತಿತ್ತು. ಕಂಬವನ್ನು ಒಡೆಯದೆ ಹಾಗೆಯೇ ಎತ್ತಿ ಬಿಲ್ಡಿಂಗಿನ ಮುಂದಿನ ತೋಟದಲ್ಲಿ ನಿಲ್ಲಿಸಬೇಕೆಂದು ಕಾರ್ಮಿಕರ ಸಮಿತಿ ಬಿಲ್ಡರ್‌ನಿಂದ ಬರೆಸಿಕೊಂಡಿತ್ತು. ಎತ್ತಿದರೆ ಕಂಬ ಉಳಿಯುತ್ತದೆಯೇ, ಹೇಗೆ ಎತ್ತಬೇಕು ಎಂದು ಹೇಳುವ ಹೊಣೆ ನನಗೆ ಬಂತು.

ಮೊದಲ ದಿನ ಬೆಳಗ್ಗೆ ಸಯನ್‌ನ ನಮ್ಮ ಮನೆಯಿಂದ ಲೋಕಲ್ ಹಿಡಿದು ಹೋದೆ. ಬಿಲ್ಡರ್‌ನ ಪ್ರಾಜೆಕ್ಟ್ ಮ್ಯಾನೇಜರ್ ಹೇಮಲ್ ಎಂಬ ಯುವಕ ಹೆಲ್ಮೆಟ್ ಕೊಟ್ಟು ಕರೆದುಕೊಂಡು ಹೋದ. ಕೆಡವಿದ ಶೆಡ್ಡಿನ ಇಟ್ಟಿಗೆ ರಾಶಿಯ ನಡುವೆ ಕಂಬ ಒಂಟಿಯಾಗಿ ನಿಂತಿತ್ತು. ಏಳೂವರೆ ಅಡಿ ಎತ್ತರ, ಒಂದೂವರೆ ಅಡಿ ಚೌಕ, ಕೆಳಗೆ ದಪ್ಪನೆಯ ಪೀಠ. ಒಟ್ಟು ಎರಡು ಟನ್ ತೂಗಬಹುದೆಂದು ಅಂದಾಜಿಸಿದೆ. ವರ್ಷವರ್ಷವೂ ಬಳಿದ ಆಯಿಲ್ ಪೇಂಟು ಪದರ ಪದರವಾಗಿ ಕೂತಿತ್ತು. ಮುಖದ ಮೇಲೆ ಹಸಿ ಸಿಮೆಂಟಿನಲ್ಲಿ ಮೊಳೆಯಿಂದ ಗೀರಿ ಬರೆದ ಆರು ಹೆಸರುಗಳು, ಎಲ್ಲವೂ ದೇವನಾಗರಿಯಲ್ಲಿ. ಆ ಗೀರುಗಳಿಗೆ ಕೆಂಪು ಬಣ್ಣ ತುಂಬಿದ್ದರು.

"ಮೇಡಂ, ಇದನ್ನು ಎತ್ತೋದಕ್ಕಿಂತ ಹೊಸ ಗ್ರಾನೈಟ್ ಕಲ್ಲು ಹಾಕಿದರೆ ಎಷ್ಟು ಚಂದ ಇರುತ್ತೆ! ಆದರೆ ಅಂಕಲ್ ಒಪ್ಪೋದಿಲ್ಲ," ಎಂದು ಹೇಮಲ್ ಹಿಂದಿಯಲ್ಲಿ ಹೇಳಿ, ಕಂಬದ ಆಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಹಿರಿಯರ ಕಡೆ ಕಣ್ಣಸನ್ನೆ ಮಾಡಿದ.

ಅವರು ಶರಣಪ್ಪ. ಸಮಿತಿಯ ಮುಖ್ಯಸ್ಥರು. ವಯಸ್ಸು ಎಪ್ಪತ್ತು ದಾಟಿತ್ತು. ಇಪ್ಪತ್ತರ ಹರೆಯದಲ್ಲೇ ಕಲಬುರಗಿ ಕಡೆಯಿಂದ ಬಂದು ಫೌಂಡ್ರಿ ಸೇರಿದವರು. ಮರಳಿನಲ್ಲಿ ಅಚ್ಚು ಮಾಡುವ ಮೋಲ್ಡರ್ ಆಗಿದ್ದವರು. ನನ್ನ ಹೆಸರು ಕೇಳುತ್ತಲೇ ಎದ್ದು ನಿಂತರು.

"ಏನ್ರಿ ಬಾಯರ, ನೀವು ಕನ್ನಡದೋರೇನ್ರಿ?"

"ಹೌದು. ಮನೆಯಲ್ಲಿ ತುಳು. ಶಾಲೆ ಕಲಿತದ್ದು ಕನ್ನಡದಲ್ಲಿ, ಇಲ್ಲೇ ಮುಂಬಯಿಯಲ್ಲಿ."

"ಛಲೋ ಆತು ಬಿಡ್ರಿ. ಹಂಗಾದ್ರ ನಿಮಗ ನಾ ಹೇಳಿದ್ದು ತಿಳೀತದ. ಇದನ್ನ ಹೆಂಗದನೋ ಹಂಗೇ ಎತ್ರಿ. ಬಡೀಬ್ಯಾಡ್ರಿ, ಕೆರೀಬ್ಯಾಡ್ರಿ."

ಬಡಿಯದೆ ನನ್ನ ಕೆಲಸವಾಗುವುದಿಲ್ಲ ಎಂದು ವಿವರಿಸಿದೆ. ಕಾಂಕ್ರೀಟಿನ ಒಳಗೆ ಏನಿದೆ ಎಂದು ತಿಳಿಯಲು ನಮ್ಮಲ್ಲಿ ಹಲವು ಉಪಕರಣಗಳಿವೆ. ಆದರೂ ಮೊದಲು ಬಳಸುವುದು ಒಂದು ಸಣ್ಣ ಸುತ್ತಿಗೆಯನ್ನೇ. ಗಟ್ಟಿ ಇದ್ದ ಕಡೆ ಟಣ್ ಎನ್ನುತ್ತದೆ, ಒಳಗೆ ಬಿಟ್ಟುಕೊಂಡ ಕಡೆ ಡಬ್ ಎನ್ನುತ್ತದೆ. ಹೀಗೆ ಟೊಳ್ಳು ಹುಡುಕುವುದನ್ನು ನಾವು ಸೌಂಡಿಂಗ್ ಎನ್ನುತ್ತೇವೆ. ಶರಣಪ್ಪ ಒಲ್ಲದ ಮನಸ್ಸಿನಿಂದ ಒಪ್ಪಿದರು. ಆದರೆ ಕೂರಲಿಲ್ಲ. ನಾನು ಅಂಗೈಯಗಲದ ಚೌಕಗಳನ್ನು ಸೀಮೆಸುಣ್ಣದಲ್ಲಿ ಗೀಚಿಕೊಂಡು ಒಂದೊಂದನ್ನೇ ತಟ್ಟುತ್ತ ಹೋದಂತೆ ಅವರು ನನ್ನ ಬೆನ್ನ ಹಿಂದೆಯೇ ಇದ್ದರು.

ಕಂಬ ನಾನಂದುಕೊಂಡದ್ದಕ್ಕಿಂತ ಬಹಳ ಗಟ್ಟಿಯಾಗಿತ್ತು. ಫೌಂಡ್ರಿಯವರು ಕಟ್ಟಿದ್ದು, ಒಳಗೆ ಕಬ್ಬಿಣಕ್ಕೆ ಕೊರತೆ ಮಾಡಿರಲಿಲ್ಲ. ಆದರೆ ಆರನೆಯ ಹೆಸರಿನ ಕೆಳಗೆ, ಸುಮಾರು ಒಂದಡಿ ಉದ್ದ, ಐದಿಂಚು ಅಗಲದ ಜಾಗದಲ್ಲಿ ಸುತ್ತಿಗೆ ಡಬ್ ಎಂದಿತು. ಸುತ್ತಲೂ ತಟ್ಟಿ ನೋಡಿದೆ. ಟೊಳ್ಳಿನ ಅಂಚು ನೇರವಾಗಿತ್ತು. ಸಾಮಾನ್ಯವಾಗಿ ನೀರಿಳಿದು ಬಿಟ್ಟುಕೊಂಡ ಜಾಗಕ್ಕೆ ಇಂಥ ನೇರ ಅಂಚು ಇರುವುದಿಲ್ಲ.

"ಇಲ್ಲಿ ಯಾವಾಗಲಾದರೂ ರಿಪೇರಿ ಆಗಿತ್ತೇ?" ಎಂದು ಕೇಳಿದೆ.

"ಅಲ್ಲೇನಿಲ್ರಿ," ಎಂದರು ಶರಣಪ್ಪ. ತುಸು ಬೇಗನೇ ಹೇಳಿದರು ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ.

ಕಚೇರಿಗೆ ಹೋಗಿ ವರದಿ ಬರೆದೆ. ಪೀಠದ ಕೆಳಗೆ ಉಕ್ಕಿನ ತೊಲೆಗಳನ್ನು ತೂರಿಸಿ, ಕಂಬಕ್ಕೆ ಮರದ ಚೌಕಟ್ಟು ಕಟ್ಟಿ, ಕ್ರೇನಿನಲ್ಲಿ ಎತ್ತಬಹುದು. ಎತ್ತುವ ಮೊದಲು ಟೊಳ್ಳು ಜಾಗಕ್ಕೆ ಗ್ರೌಟಿಂಗ್ ಮಾಡಬೇಕು. ಗ್ರೌಟಿಂಗ್ ಅಂದರೆ ಸಣ್ಣ ರಂಧ್ರ ಕೊರೆದು, ಅದರೊಳಗೆ ತೆಳ್ಳಗೆ ಕಲಸಿದ ಸಿಮೆಂಟನ್ನು ಪಂಪಿನಿಂದ ತುಂಬುವುದು. ಒಮ್ಮೆ ಗಟ್ಟಿಯಾದರೆ ಹೊರಪದರ ಮತ್ತು ಒಳಮೈ ಒಂದೇ ಕಲ್ಲಾಗುತ್ತವೆ. ಮತ್ತೆ ಬಿಡಿಸಲು ಬರುವುದಿಲ್ಲ. ಪುಸ್ತಕದಲ್ಲಿ ಇರುವ ಚಿಕಿತ್ಸೆ ಇದೇ. ನೂರಾರು ಕಡೆ ಮಾಡಿಸಿದ್ದೆ.

ಕೆಲಸ ಶುರುವಾಗುವ ನಾಲ್ಕು ದಿನ ಮೊದಲು ಕಂಬದ ಸುತ್ತ ತಗಡಿನ ಬೇಲಿ ಹಾಕಿಸಲು ಹೋಗಿದ್ದೆ. ಆಗ ನಲವತ್ತು ದಾಟಿದ ಒಬ್ಬ ಹೆಂಗಸು ಬೇಲಿಯ ಸಂದಿಯಿಂದ ಒಳಗೆ ನೋಡುತ್ತ ನಿಂತಿದ್ದಳು. ಹೆಗಲಿಗೆ ಚೀಲ, ತಲೆಯ ಮೇಲೆ ದುಪಟ್ಟ. ಯಾರು ಬೇಕೆಂದು ಹಿಂದಿಯಲ್ಲಿ ಕೇಳಿದೆ. ಆ ಹೊತ್ತಿಗೆ ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದನ್ನು ಕೇಳಿಸಿಕೊಂಡಿದ್ದಳೇನೋ, ಕನ್ನಡದಲ್ಲೇ ಉತ್ತರ ಕೊಟ್ಟಳು.

"ಮೇಡಂ, ಈ ಖಂಬಾ ತೋಡ್ತೀರೇನ್ರಿ?"

"ಇಲ್ಲ, ಒಡೆಯೋದಿಲ್ಲ. ಆ ತೋಟಕ್ಕೆ ಸಾಗಿಸ್ತೇವೆ."

"ಅಲ್ಲಿಗೆ ಬರಾಕ ನಮ್ಮಂಥವರನ್ನ ಬಿಡ್ತಾರೇನ್ರಿ, ವಾಚ್‌ಮನ್?"

ಬಿಡುತ್ತಾರೆ ಎಂದೆ. ನಿಮ್ಮವರ ಹೆಸರು ಯಾವುದು ಎಂದು ಕೇಳಿದೆ. ಅವಳು ಕಂಬದ ಕಡೆ ನೋಡಿದಳು.

"ನಮ್ಮ ಅಬ್ಬಾಂದು ಇದರಾಗ ಇಲ್ರಿ. ಅವರೂ ಅವತ್ತೇ ಸತ್ತರು. ಕ್ರೇನ್ ಡ್ರೈವರ್ ಇದ್ದರು. ಇವರೆಲ್ಲಾ ಅವರ ಗಲ್ತಿಯಿಂದ ಸತ್ತರು ಅಂತ ಮಂದಿ ಅಂದ್ರು. ಅದಕ್ಕ ಹೆಸರು ಹಾಕಲಿಲ್ಲ." ಚೀಲವನ್ನು ಹೆಗಲಿಗೆ ಏರಿಸಿಕೊಂಡು, "ನಾನು ವರ್ಷಕ್ಕೊಂದು ಸಲ ಬರ್ತೀನ್ರಿ. ಇವರ ಹಾರ ಹಾಕೋ ಪ್ರೋಗ್ರಾಮ್ ಆದ ಮರುದಿನ. ಇವತ್ತು ಖಂಬಾ ತೋಡ್ತಾರ ಅಂತ ಕೇಳಿ ಬಂದೀನ್ರಿ," ಎಂದಳು.

ಅವಳ ಹೆಸರು ಶಮೀಮ್. ಸಯನ್ ಕಡೆಯ ಒಂದು ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಊರು ವಿಜಯಪುರದ ಹತ್ತಿರ. ಆದರೆ ಹುಟ್ಟಿದ್ದು ಇದೇ ಫೌಂಡ್ರಿ ಚಾಳಿನಲ್ಲಿ. ಅಪಘಾತದ ನಂತರ ನಲ್ಲಿಯ ಹತ್ತಿರ ಹೆಂಗಸರು ಅವಳ ತಾಯಿಯೊಡನೆ ಮಾತು ಬಿಟ್ಟರಂತೆ. ಒಂದು ವರ್ಷದೊಳಗೆ ತಾಯಿ ಮಗಳನ್ನು ಎತ್ತಿಕೊಂಡು ಕುರ್ಲಾಕ್ಕೆ ಹೋಗಿಬಿಟ್ಟಳು. ನಾನು ಕೇಳಿಸಿಕೊಂಡೆ, ಮರುಗಿದೆ, ನೀರಿನ ಬಾಟಲಿ ಕೊಟ್ಟೆ. ಅವಳ ಫೋನ್ ನಂಬರನ್ನೂ ಬರೆದುಕೊಂಡೆ. ಹೆಸರು ಸೇರಿಸುವುದು ಬಿಡುವುದು ಸಮಿತಿಯ ವಿಚಾರ, ನನ್ನದು ಕಾಂಕ್ರೀಟು ಎಂದುಕೊಂಡು ಮುಂದಿನ ಕೆಲಸಕ್ಕೆ ಹೊರಟೆ.

ಗ್ರೌಟಿಂಗ್ ದಿನ ಬೆಳಗ್ಗೆ ಒಂಬತ್ತಕ್ಕೆ ನಮ್ಮ ಫೋರ್‌ಮನ್ ರಂಧ್ರ ಕೊರೆಯಲು ಶುರು ಮಾಡಿದ. ಟೊಳ್ಳಿನ ಎರಡು ತುದಿಗೆ ಎರಡು ರಂಧ್ರ, ಬೆರಳು ಹೋಗುವಷ್ಟೂ ದೊಡ್ಡದಲ್ಲ. ಒಂದರಿಂದ ಸಿಮೆಂಟು ಒಳಗೆ ಹೋಗಬೇಕು, ಇನ್ನೊಂದರಿಂದ ಗಾಳಿ ಹೊರಗೆ ಬರಬೇಕು. ಡ್ರಿಲ್ ಹೊರಗೆ ಎಳೆದಾಗ ಅದರ ತುದಿಗೆ ನುಣ್ಣನೆಯ ಕಪ್ಪು ಪುಡಿ ಅಂಟಿತ್ತು. ಫೋರ್‌ಮನ್ ಬೆರಳಿನಿಂದ ಒರೆಸಿ ತೋರಿಸಿದ. ಫೌಂಡ್ರಿಯ ಮಸಿ ಇರಬೇಕು ಎಂದೆ. ಪಕ್ಕದಲ್ಲಿ ಸಿಮೆಂಟು ಕಲಸಿ ಆಗಿತ್ತು. ಹಾಗೆ ಕಲಸಿದ್ದನ್ನು ಹೆಚ್ಚು ಹೊತ್ತು ಇಡುವಂತಿಲ್ಲ. ಪಂಪಿನ ಕೊಳವೆಯನ್ನು ರಂಧ್ರಕ್ಕೆ ಸಿಕ್ಕಿಸುತ್ತಿದ್ದಾಗ ಶರಣಪ್ಪ ಬಿಲ್ಡಿಂಗಿನ ಕಡೆಯಿಂದ ಬಂದರು. ಅವರಿಗೆ ಮೊಣಕಾಲು ನೋವು, ನಿಧಾನವಾಗಿ ನಡೆಯುವವರು. ಫೋರ್‌ಮನ್‌ನ ಕಪ್ಪಾದ ಬೆರಳು ನೋಡಿದವರೇ ಬಿರಬಿರನೆ ಬಂದು ಕಂಬದ ಮೇಲೆ ಅಂಗೈ ಒತ್ತಿ ನಿಂತರು.

"ನಿಲ್ಲಸ್ರಿ! ಅದರಾಗ ಏನೂ ತುಂಬಬ್ಯಾಡ್ರಿ."

ಸಿಮೆಂಟು ಗಟ್ಟಿಯಾಗುತ್ತದೆ, ಏನು ಸಮಸ್ಯೆ ಹೇಳಿ ಎಂದೆ. ನನ್ನ ದನಿ ಸ್ವಲ್ಪ ಏರಿರಬೇಕು.

"ಅದರಾಗ ಒಂದು ಹೆಸರು ಅದರಿ, ಬಾಯರ. ನಾನೇ ಬರದಿದ್ದು. ನಾನೇ ಮುಚ್ಚಿದ್ದು."

ಪಂಪಿನ ಕೊಳವೆ ತೆಗೆಯಲು ಹೇಳಿದೆ. ಕಲಸಿದ ಸಿಮೆಂಟು ಬಕೆಟ್ಟಿನಲ್ಲೇ ಗಟ್ಟಿಯಾಯಿತು.

ಇಬ್ಬರೂ ತಗಡಿನ ನೆರಳಲ್ಲಿ ಕೂತೆವು. ಅವರು ಬಿಟ್ಟು ಬಿಟ್ಟು ಹೇಳಿದ್ದನ್ನು ನಾನು ಒಟ್ಟು ಮಾಡಿ ಬರೆಯುತ್ತೇನೆ. ಕರಗಿದ ಕಬ್ಬಿಣವನ್ನು ತುಂಬಿಕೊಳ್ಳುವ ದೊಡ್ಡ ಬಕೆಟ್ಟಿನಂಥ ಪಾತ್ರೆಗೆ ಲೇಡಲ್ ಎನ್ನುತ್ತಾರೆ. ಅದನ್ನು ಶೆಡ್ಡಿನ ಮಾಡಿನ ಕೆಳಗೆ ಹಳಿಯ ಮೇಲೆ ಓಡುವ ಕ್ರೇನು ಎತ್ತಿ ಅಚ್ಚುಗಳ ಬಳಿ ತರುತ್ತದೆ. ಆ ಕ್ರೇನಿನ ಗೂಡಿನಲ್ಲಿ ಕೂತು ನಡೆಸುತ್ತಿದ್ದವನು ಖಾಜಾಸಾಬ್, ಶಮೀಮಳ ತಂದೆ. ಶರಣಪ್ಪನವರ ಸ್ನೇಹಿತ. ಒಂದೇ ಕಡೆಯ ಮಾತು, ಒಂದೇ ಪಾಳಿ, ಚಾಳಿನಲ್ಲಿ ಎದುರು ಬದುರು ಕೋಣೆ. ಕ್ರೇನಿನ ಬ್ರೇಕು ಸರಿಯಿಲ್ಲ, ಲೇಡಲ್ ನಿಂತಲ್ಲಿ ನಿಲ್ಲದೆ ಜಾರುತ್ತದೆ ಎಂದು ಖಾಜಾಸಾಬ್ ಆ ವಾರವೇ ಮೂರು ಸಲ ಸೂಪರ್‌ವೈಸರಿಗೆ ಹೇಳಿದ್ದ. ಶರಣಪ್ಪ ಪಕ್ಕದಲ್ಲಿದ್ದು ಕೇಳಿದ್ದರು. ಅಪಘಾತದ ದಿನ ಲೇಡಲ್ ಜಾರಿ ಕರಗಿದ ಕಬ್ಬಿಣ ಚೆಲ್ಲಿತು, ಉರಿ ಮೇಲಿನ ಗೂಡಿಗೂ ಏರಿತು. ಖಾಜಾಸಾಬ್ ಎಚ್ಚರಿಕೆಯ ಗಂಟೆಯನ್ನು ಕಾಲಿನಿಂದ ಒತ್ತುತ್ತಲೇ ಇದ್ದ.

"ಗಂಟಿ ಕೇಳೇ ನಾ ಓಡಿದ್ನಿ. ನಾವು ಹನ್ನೊಂದ ಮಂದಿ ಓಡಿದ್ವಿ. ಆರು ಮಂದಿ ಹಿಂದ ಗ್ವಾಡಿ ಕಡೆ ಸಿಕ್ಕೊಂಡ್ರು. ಅಂವ ಏಣಿ ಹಿಡದು ಇಳದಿದ್ರ ಉಳೀತಿದ್ದ. ಇಳೀಲಿಲ್ಲ. ಕಡೀತನಕ ಗಂಟಿ ಬಿಡಲಿಲ್ಲ."

ಕೆಲವು ತಿಂಗಳ ಮೇಲೆ ಕಾರ್ಮಿಕರು ಕಂಬ ಎರೆದರು. ಆರು ಹೆಸರನ್ನು ಮರಾಠಿ ಬಲ್ಲವನೊಬ್ಬ ಬರೆದ. ಏಳನೆಯದನ್ನು ಶರಣಪ್ಪ, ತನಗೆ ಬರುತ್ತಿದ್ದ ಕನ್ನಡದಲ್ಲಿ ಬರೆದರು. ಮರುದಿನ ಮ್ಯಾನೇಜರ್ ಕಂಬ ನೋಡಿದ. ಡ್ರೈವರನ ತಪ್ಪಿನಿಂದ ಅಪಘಾತವಾಯಿತೆಂದು ಕಂಪನಿ ಹೇಳಿಯಾಗಿತ್ತು. ಕೊಂದವನ ಹೆಸರನ್ನು ಸತ್ತವರ ಜೊತೆ ಹೇಗೆ ಬರೆಯುತ್ತೀರಿ ಎಂದು ಕೇಳಿದ. ಆ ಹೆಸರು ಇದ್ದರೆ ಗೇಟಿನಲ್ಲಿ ಕಂಬ ಇರುವುದಿಲ್ಲ, ಆರು ಮನೆಗಳಿಗೆ ಕೊಡುತ್ತೇವೆಂದ ಆರು ನೌಕರಿಯೂ ಇರುವುದಿಲ್ಲ ಎಂದ. ಕಾರ್ಮಿಕರ ಮುಖಂಡರು ಶರಣಪ್ಪನವರನ್ನು ಕರೆದು ನೀನೇ ಬರೆದದ್ದು, ನೀನೇ ಮುಚ್ಚು ಎಂದರು. ಪಾಳಿ ಮುಗಿದ ಮೇಲೆ ಅವರು ಮುಚ್ಚಿದರು. ವಿಚಾರಣೆಯಲ್ಲಿ, ಬ್ರೇಕಿನ ದೂರು ತನಗೆ ಗೊತ್ತಿಲ್ಲ ಎಂದೂ ಹೇಳಿದರು.

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ಮೊದಲ ಹೆದರಿಕಿ ಇತ್ತರಿ. ಆಮ್ಯಾಲ ನಾಚಿಕಿ. ಫೌಂಡ್ರಿ ಬಂದ್ ಆದ ಮ್ಯಾಲ ಹೆದರಿಕಿ ಹೋಯ್ತು. ನಾಚಿಕಿ ಹೋಗಲಿಲ್ಲ."

ಹೇಮಲ್‌ಗೆ ವಿಷಯ ತಿಳಿಸಿದೆ. ಅವನು ಕೆಟ್ಟವನಲ್ಲ, ಅವಸರದಲ್ಲಿದ್ದವನು. "ಮೇಡಂ, ಕರಾರಿನಲ್ಲಿ ಆರು ಹೆಸರಿನ ಸ್ಮಾರಕ ಅಂತಿದೆ. ಏಳಾದರೆ ಎಲ್ಲ ಫೈಲು ಮತ್ತೆ ಮೇಲಿಂದ ಬರಬೇಕು. ಶನಿವಾರ ಕ್ರೇನ್ ಬರ್ತಿದೆ. ನೀವು ವರದಿಯಲ್ಲಿ ಬರೆದ ಹಾಗೇ ಗ್ರೌಟ್ ಮಾಡಿಬಿಡಿ. ಎಂಜಿನಿಯರಿಂಗ್ ಪ್ರಕಾರ ಅದರಲ್ಲಿ ತಪ್ಪಿಲ್ಲವಲ್ಲ?" ಎಂದ.

ನಿಜಕ್ಕೂ ತಪ್ಪಿರಲಿಲ್ಲ. ಆ ವಾಕ್ಯ ಬರೆದವಳೂ ನಾನೇ. ಅವತ್ತು ಮಧ್ಯಾಹ್ನವೇ ಆ ವರದಿಯನ್ನು ಹಿಂದಕ್ಕೆ ಪಡೆದು, ಟೊಳ್ಳು ಬಿಚ್ಚಿ ನೋಡದೆ ಕಂಬ ಎತ್ತಲು ನನ್ನ ಸಹಿ ಇಲ್ಲ ಎಂದು ಒಂದು ಸಾಲಿನ ಪತ್ರ ಕಳಿಸಿದೆ. ಕ್ರೇನ್ ಬರುವ ದಿನ ಮುಂದಕ್ಕೆ ಹೋಯಿತು. ನಮ್ಮ ಕಚೇರಿಯ ಯಜಮಾನರಿಗೂ ಅದು ಹಿಡಿಸಲಿಲ್ಲ. "ನಾವು ಇತಿಹಾಸ ಬರೆಯಲು ಹೋದವರಲ್ಲ," ಎಂದರು. ಆದರೆ ಪತ್ರ ಹಿಂದೆ ತೆಗೆದುಕೋ ಎನ್ನಲಿಲ್ಲ.

ನಿರ್ಧಾರ ಮಾತ್ರ ಆರು ಮನೆಗಳದ್ದು. ಆ ಭಾನುವಾರ ಬಿಲ್ಡಿಂಗಿನ ಕೆಳಗಿನ ಸೊಸೈಟಿ ಆಫೀಸಿನಲ್ಲಿ ಸಭೆ ಸೇರಿತು. ಶರಣಪ್ಪ ನನ್ನನ್ನೂ ಕರೆದಿದ್ದರು. ನನಗೆ ಹೇಳಿದ್ದನ್ನೆಲ್ಲ ಅವರು ನಿಂತುಕೊಂಡೇ ಮರಾಠಿಯಲ್ಲಿ ಹೇಳಿದರು. ಅವರ ಮರಾಠಿ ನೆಟ್ಟಗಿರಲಿಲ್ಲ, ಆದರೆ ಒಂದು ಮಾತನ್ನೂ ಬಿಡಲಿಲ್ಲ. ಹಿಂದಿನ ಸಾಲಿನಿಂದ ಒಬ್ಬರು ಕೂಗಿದರು: ನಲವತ್ತು ವರ್ಷ ಆ ಕಂಬಕ್ಕೆ ಹಾರ ಹಾಕಿದ್ದೇವೆ, ನಮ್ಮನ್ನು ಮೂರ್ಖರನ್ನಾಗಿ ಮಾಡಿದೆಯಾ? ಇನ್ನೊಬ್ಬರು, ಈಗ ಯಾಕೆ ಕೆದಕುತ್ತೀರಿ, ಹಾಗೇ ಇರಲಿ ಎಂದರು.

ಮುಂದಿನ ಕುರ್ಚಿಯಲ್ಲಿ ಸುಲಭಾತಾಯಿ ಎಂಬ ಎಂಬತ್ತರ ಹತ್ತಿರದ ಹೆಂಗಸು ಕೂತಿದ್ದರು. ಕಂಬದ ಮೇಲಿನ ಮೊದಲ ಹೆಸರು ಅವರ ಗಂಡನದು. ಕೊಟ್ಟ ಮಾತಿನಂತೆ ಫೌಂಡ್ರಿಯಲ್ಲಿ ನೌಕರಿ ಸಿಕ್ಕಿದ್ದು ಅವರ ದೊಡ್ಡ ಮಗನಿಗೆ. ಗದ್ದಲ ಇಳಿದ ಮೇಲೆ ಅವರು ಕೇಳಿದರು:

"ಶರಣಪ್ಪಾ, ಗಂಟೆ ಬಾರಿಸುತ್ತಲೇ ಇದ್ದ ಅಂದೆಯಲ್ಲ. ನಮ್ಮವರಿಗೆ ಅದು ಕೇಳಿಸಿತ್ತೇ?"

"ಕೇಳಿಸಿತ್ತು, ತಾಯಿ. ನಿಮ್ಮವರು ನನ್ನನ್ನ ಮುಂದಕ್ಕೆ ನೂಕಿದರು."

ಸುಲಭಾತಾಯಿ ಕುರ್ಚಿ ಹಿಡಿದು ಎದ್ದು ನಿಂತರು. ಆಮೇಲೆ, "ಅವನ ಹೆಂಡತಿ ನಲ್ಲಿಯ ಹತ್ತಿರ ಬಂದಾಗ ಕೊಡ ಎತ್ತಿಕೊಂಡು ಮೊದಲು ಎದ್ದುಹೋದವಳು ನಾನು," ಎಂದರು. "ಅದನ್ನು ತೆಗೆಯಿರಿ. ತೆಗೆದು ನೋಡಿ ಏನು ಉಳಿದಿದೆಯೋ."

ಆಮೇಲೆ ಯಾರೂ ಬೇಡ ಎನ್ನಲಿಲ್ಲ. ಹೌದು ಎಂದೂ ಎಲ್ಲರೂ ಹೇಳಲಿಲ್ಲ. ಇಬ್ಬರು ಎದ್ದು ಹೋದರು.

ಶಮೀಮಳಿಗೆ ಫೋನ್ ಮಾಡಿದ್ದು ನಾನು. ಅವಳು ಪೂರ್ತಿ ಕೇಳಿ, "ಹೌದೇನ್ರಿ," ಎಂದಷ್ಟೇ ಹೇಳಿದಳು. ಮೂರು ದಿನ ಬಿಟ್ಟು ಬಂದಳು. ತಗಡಿನ ಬೇಲಿಯೊಳಗೆ ನಾವು ನಾಲ್ಕೇ ಜನ: ಅವಳು, ಶರಣಪ್ಪ, ಸುಲಭಾತಾಯಿ, ನಾನು. ಶರಣಪ್ಪ ಅವಳೆದುರು ಕೈ ಜೋಡಿಸಿ ನಿಂತರು. ಅವಳೇ ಮಾತಾಡಿದಳು.

"ಕಾಕಾ, ನಿಮ್ಮ ಮ್ಯಾಲ ಸಿಟ್ಟಿಲ್ಲ ಅಂದ್ರ ಝೂಟ್ ಆಗತದ. ನಮ್ಮ ಅಮ್ಮಿ ಇದೇ ಫಿಕರ್‌ನಾಗೇ ಹೋದಳು. ಅಬ್ಬಾ ಖರೇನ ಹಂಗ ಮಾಡಿದ್ನೇನು, ಖರೇನ ಹಂಗ ಮಾಡಿದ್ನೇನು ಅಂತ."

"ಇಲ್ಲವ್ವಾ. ಅಂವ ನನ್ನ ಉಳಿಸಿದ."

"ಅದನ್ನ ಅಕಿಗೆ ಯಾರ ಹೇಳಬೇಕಿತ್ತರಿ?"

ಶರಣಪ್ಪ ತಲೆ ತಗ್ಗಿಸಿದರು.

ಹೊರಪದರ ತೆಗೆದರೂ ಅಕ್ಷರ ಸಿಗುವ ಭರವಸೆ ನನಗಿರಲಿಲ್ಲ. ಹಳೆಯ ಸಿಮೆಂಟಿನ ಮೇಲೆ ಹೊಸದು ಹಿಡಿಯಬೇಕಾದರೆ ಗಾರೆಯವರು ಮೊದಲು ಹಳೆಯ ಮೈಯನ್ನು ಉಳಿಯಿಂದ ಕಚ್ಚು ಹಾಕಿ ಒರಟು ಮಾಡುತ್ತಾರೆ. ಹಾಗೆ ಮಾಡಿದ್ದರೆ ಅಕ್ಷರ ಅಂದೇ ಅಳಿಸಿಹೋಗಿರುತ್ತದೆ. ಇದನ್ನು ಶಮೀಮಳಿಗೆ ಮೊದಲೇ ಹೇಳಿಬಿಡಬೇಕೆಂದು ಬಾಯಿ ತೆರೆದೆ.

"ಕಚ್ಚು ಹಾಕಿಲ್ರಿ," ಎಂದರು ಶರಣಪ್ಪ. "ಪಾರ್ಟಿಂಗ್ ಹಾಕೀನಿ."

ಆಗ ನನಗೆ ಡ್ರಿಲ್ಲಿನ ತುದಿಯ ಕಪ್ಪು ಪುಡಿಯ ಅರ್ಥವಾಯಿತು. ಮೋಲ್ಡರ್‌ಗಳು ಮರಳಿನ ಅಚ್ಚನ್ನು ಎರಡು ಭಾಗವಾಗಿ ಮಾಡುತ್ತಾರೆ. ಮೇಲಿನ ಭಾಗ ಕೆಳಗಿನದಕ್ಕೆ ಅಂಟದೆ ನೀಟಾಗಿ ಬಿಡಿಸಿಕೊಳ್ಳಲಿ ಎಂದು ನಡುವೆ ನುಣ್ಣನೆಯ ಪುಡಿ ಉದುರಿಸುತ್ತಾರೆ. ಅದೇ ಪಾರ್ಟಿಂಗ್. ಕಂಬ ಮುಚ್ಚುವ ಸಂಜೆ ಶರಣಪ್ಪ ಗ್ರಾಫೈಟ್ ಪುಡಿಯನ್ನು ಜೇಬಿನಲ್ಲಿ ತಂದು, ಗೀರಿದ ಅಕ್ಷರಗಳ ಮೇಲೆಲ್ಲ ಎಣ್ಣೆಗೈಯಿಂದ ಸವರಿ, ಅದರ ಮೇಲೆ ಸಿಮೆಂಟು ಮೆತ್ತಿದ್ದರು. ಅಂಚು ಮಾತ್ರ ಕಚ್ಚಿಕೊಂಡಿರಲಿ, ಒಳಗೆ ಅಂಟದಿರಲಿ ಎಂದು. ಯಾರಾದರೂ ಒಂದು ದಿನ ಬಿಚ್ಚಿಯಾರು ಎಂದು. ಆ ಯಾರೋ ತಾನೇ ಆಗಬೇಕೆಂದು ಮಾತ್ರ ಅವರಿಗೆ ಧೈರ್ಯ ಬಂದಿರಲಿಲ್ಲ.

ಸಣ್ಣ ಗ್ರೈಂಡರಿನಿಂದ ಸುತ್ತಲಿನ ಅಂಚನ್ನು ನಾನೇ ಕೊಯ್ದೆ. ಧೂಳಿಗೆ ಸುಲಭಾತಾಯಿ ಸೆರಗು ಮೂಗಿಗೆ ಹಿಡಿದರು, ಜಾಗ ಬಿಟ್ಟು ಕದಲಲಿಲ್ಲ. ಅಂಚು ಬಿಟ್ಟ ಮೇಲೆ ಶರಣಪ್ಪ ತೆಳ್ಳನೆಯ ಕರಣೆಯನ್ನು ಸಂದಿಗೆ ತೂರಿಸಿದರು. ಸ್ವಲ್ಪ ಸ್ವಲ್ಪವೇ ಮೀಟಿದರು. ಸಿಮೆಂಟಿನ ಹೊದಿಕೆ ಒಂದೇ ತುಂಡಾಗಿ ಅವರ ಅಂಗೈಗೆ ಬಂತು. ಅದರ ಒಳಮೈಯಲ್ಲಿ ಅಕ್ಷರಗಳು ಉಬ್ಬಾಗಿ, ತಿರುಗುಮುರುಗಾಗಿ ಮೂಡಿದ್ದವು. ಕಂಬದ ಮೇಲೆ ನಾನು ಮೆದುವಾದ ಬ್ರಷ್ಷಿನಿಂದ ಪುಡಿ ಸರಿಸಿದೆ.

ಶಮೀಮ್ ಹತ್ತಿರ ಬಂದು ನೋಡಿದಳು. ಅಕ್ಷರಗಳ ಮೇಲೆ ತೋರುಬೆರಳು ಆಡಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಮೇಡಂ, ಇದು ಕನ್ನಡ ಅಲ್ಲೇನ್ರಿ? ನನಗ ಮಾತಾಡಾಕಷ್ಟೇ ಬರತದ. ಶಾಲಿ ಉರ್ದು ಇತ್ತು. ಓದಿ ಹೇಳ್ರಿ."

"ಖಾಜಾಸಾಬ," ಎಂದು ಓದಿದೆ. "ಕೆಳಗೆ, ಕ್ರೇನ್ ಡ್ರೈವರ್."

"ಇನ್ನೊಮ್ಮೆ ಹೇಳ್ರಿ."

ಇನ್ನೊಮ್ಮೆ ಓದಿದೆ. ಸುಲಭಾತಾಯಿ ಮುಂದೆ ಬಂದು ಶಮೀಮಳ ಮೊಣಕೈ ಹಿಡಿದುಕೊಂಡರು. ಅವಳು ಬಿಡಿಸಿಕೊಳ್ಳಲಿಲ್ಲ.

ಕೊನೆಯ "ಬ" ಅಕ್ಷರದ ನಟ್ಟನಡುವೆ ಒಂದು ಗುಂಡನೆಯ ರಂಧ್ರವಿತ್ತು. ಅದು ನಾನು ಕೊರೆಸಿದ್ದು; ಇನ್ನೊಂದು ರಂಧ್ರ ಅಕ್ಷರ ತಪ್ಪಿಸಿ ಅಂಚಿನಲ್ಲಿ ಬಿದ್ದಿತ್ತು. ಮುಚ್ಚಿಸಿಕೊಡಲೇ ಎಂದು ಕೇಳಿದೆ. "ನಕ್ಕೋ, ಇರಲಿ ಬಿಡ್ರಿ. ಮತ್ತ ಏನೂ ಮುಚ್ಚಬ್ಯಾಡ್ರಿ," ಎಂದಳು. ಹೇಮಲ್ ಗ್ರಾನೈಟಿನ ಮಾತು ಇನ್ನೊಮ್ಮೆ ಎತ್ತಿದಾಗಲೂ ಅವಳ ಉತ್ತರ ಅದೇ. ಹೊಸದಾಗಿ ಬರೆಯುವುದು ಬೇಡ, ಇದ್ದದ್ದು ಇರಲಿ.

ಕರಾರು ತಿದ್ದಿ ಬರಲು ಹನ್ನೊಂದು ದಿನ ಹಿಡಿಯಿತು. ನನ್ನ ಹೊಸ ವರದಿಯಲ್ಲಿ "ಏಳು ಹೆಸರುಗಳಿರುವ ಕಾಂಕ್ರೀಟ್ ಸ್ಮಾರಕ" ಎಂದು ಬರೆದು ಸಹಿ ಮಾಡಿದೆ. ಕಂಬ ಎತ್ತಿದ ದಿನ ಕ್ರೇನಿನವನಿಗೆ ಒಂದೊಂದು ಇಂಚಿಗೂ ಕೈ ಸನ್ನೆ ಮಾಡಿದವರು ಶರಣಪ್ಪ. ಕೂದಲೆಳೆಯ ಬಿರುಕೂ ಬೀಳಲಿಲ್ಲ. ತೋಟದಲ್ಲಿ ನಿಲ್ಲಿಸಿದ ಮೇಲೆ, ಪಕ್ಕದ ಫಲಕದಲ್ಲಿ ಅಪಘಾತದ ಕಾರಣವನ್ನೂ ಬರೆಯಬೇಕೆಂದು ಅವರು ಹಟ ಹಿಡಿದರು. ಕಂಪನಿಯೇ ಇಲ್ಲ, ದಾಖಲೆ ಇಲ್ಲ, ಒಬ್ಬರ ಮಾತಿನ ಮೇಲೆ ಬರೆಯಲಾಗದು ಎಂದು ಸಮಿತಿಯವರೇ ಒಪ್ಪಲಿಲ್ಲ. ಕೊನೆಗೆ ಶರಣಪ್ಪ ನನ್ನ ಕೈಯಲ್ಲಿ ಕನ್ನಡದಲ್ಲಿ ಒಂದು ಹೇಳಿಕೆ ಬರೆಸಿದರು. ಬ್ರೇಕಿನ ಬಗ್ಗೆ ಖಾಜಾಸಾಬ್ ಮೂರು ಸಲ ಹೇಳಿದ್ದು, ಗಂಟೆ ಬಿಡದೆ ಒತ್ತಿದ್ದು, ವಿಚಾರಣೆಯಲ್ಲಿ ತಾನು ಸುಳ್ಳು ಹೇಳಿದ್ದು. ಸಾಕ್ಷಿಯಾಗಿ ಸುಲಭಾತಾಯಿ ಹೆಬ್ಬೆಟ್ಟು ಒತ್ತಿದರು. ಮೂಲ ಪ್ರತಿ ಶಮೀಮಳ ಹತ್ತಿರ ಇದೆ. ಅದನ್ನು ಅವಳಿಗಾಗಿ ಉರ್ದುವಿನಲ್ಲಿ ಬರೆದುಕೊಟ್ಟವರು ಅವಳ ಲಾಂಡ್ರಿಯ ಸಹೋದ್ಯೋಗಿಯೊಬ್ಬರು, ನಾನು ಒಂದೊಂದೇ ಸಾಲು ಓದಿ ಹಿಂದಿಯಲ್ಲಿ ಹೇಳಿದಂತೆ.

ಆ ವರ್ಷದ ಸ್ಮರಣೆಗೆ ಶಮೀಮ್ ಮರುದಿನ ಬರಲಿಲ್ಲ, ಅದೇ ದಿನ ಬಂದಳು. ಸಭೆಯಿಂದ ಎದ್ದುಹೋಗಿದ್ದ ಇಬ್ಬರಲ್ಲಿ ಒಬ್ಬರು ಅಂದೂ ಬರಲಿಲ್ಲ. ಇನ್ನೊಬ್ಬರು ಬಂದು ದೂರ ನಿಂತಿದ್ದರು.

ಕೆಲಸದಿಂದ ನಿವೃತ್ತಳಾದ ಮೇಲೆ ಕಿರಿಯ ಎಂಜಿನಿಯರ್‌ಗಳಿಗೆ ಆಗಾಗ ಪಾಠ ಹೇಳಲು ನನ್ನನ್ನು ಕರೆಯುತ್ತಾರೆ. ಈ ಕಂಬದ ಕಥೆ ಹೇಳಿದಾಗ ಅವರು ಸಾಮಾನ್ಯವಾಗಿ ಶರಣಪ್ಪನವರ ಬಗ್ಗೆ ಕೇಳುತ್ತಾರೆ. ನಾನು ನನ್ನ ಬಗ್ಗೆ ಹೇಳುತ್ತೇನೆ. ಕಾಂಕ್ರೀಟಿನ ಬಲ ಅಳೆಯಲು, ಒಳಗಿನ ಕಬ್ಬಿಣ ಹುಡುಕಲು ನಮಗೆ ಉಪಕರಣಗಳಿವೆ. ಅದನ್ನು ಯಾರು, ಯಾಕೆ ಹಾಗೆ ಕಟ್ಟಿದರು ಎಂದು ತಿಳಿಯಲು ಜನರನ್ನು ಕೇಳುವುದೊಂದೇ ದಾರಿ, ಕೇಳಿದ ಮೇಲೆ ಅದನ್ನು ಕೆಲಸಕ್ಕೆ ಹಚ್ಚಬೇಕು. ನೇರ ಅಂಚಿನ ಟೊಳ್ಳು ನನ್ನ ಕಣ್ಣಿಗೆ ಬಿದ್ದಿತ್ತು. ಹೆಸರಿಲ್ಲದ ಏಳನೆಯವನೊಬ್ಬ ಇದ್ದಾನೆಂದು ಅವನ ಮಗಳೇ ನಾಲ್ಕು ದಿನ ಮೊದಲು ಬಂದು ಹೇಳಿದ್ದಳು. ಎರಡನ್ನೂ ಸೇರಿಸಿ ನೋಡುವುದು ನನ್ನ ಕೆಲಸವೆಂದು ನನಗೆ ತೋಚಲಿಲ್ಲ. ಆ ಬೆಳಗ್ಗೆ ಶರಣಪ್ಪ ಮೊಣಕಾಲು ನೋವೆಂದು ಮನೆಯಲ್ಲೇ ಉಳಿದಿದ್ದರೆ, ನಾನು ಎಲ್ಲ ನಿಯಮಗಳ ಪ್ರಕಾರ, ಒಳ್ಳೆಯ ಸಿಮೆಂಟಿನಿಂದ, ಒಬ್ಬ ಮನುಷ್ಯನ ಹೆಸರನ್ನು ಮತ್ತೆಂದೂ ತೆರೆಯಲಾಗದಂತೆ ಮುಚ್ಚಿ, ಕೆಲಸ ತೃಪ್ತಿಕರವಾಗಿ ಮುಗಿದಿದೆ ಎಂದು ಸಹಿ ಹಾಕಿಬಿಡುತ್ತಿದ್ದೆ.